ಶ್ರೀನಿವಾಸಪುರದ ಕೈ

ಮಿಯಾಜಾಕಿ
ಜೂನ್ ೯, ೨೦೨೪

ಸಂಜೂ,

ಫೋನಿನಲ್ಲಿ ನಾವಿಬ್ಬರೂ ಊಟ ಆಯ್ತಾ, ಮಳೆ ಬಂತಾ, ಅಪ್ಪ ಮಾತ್ರೆ ತಗೊಂಡ್ರಾ ಎನ್ನುವುದರಾಚೆಗೆ ಹೋಗುವುದೇ ಇಲ್ಲ. ಒಂದು ಮಾತು ಮುಂದೆ ಹೋದರೆ ನಿನಗೆ ಮೀಟಿಂಗ್ ಇರುತ್ತದೆ, ಇಲ್ಲವೇ ನನಗೆ ಅಳು ಬರುತ್ತದೆ. ಅದಕ್ಕೇ ಇನ್ನು ಮೇಲೆ ಮೇಲ್‌ನಲ್ಲಿ ಉದ್ದಕ್ಕೆ ಬರೆಯುತ್ತೇನೆ. ಬೇಜಾರಾದರೆ ಅರ್ಧಕ್ಕೆ ಬಿಡು. ಆದರೆ ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ, ಅದೇ ನನಗೆ ಲಾಭ.

ಈ ವಾರ ನಾನೊಂದು ಎಡವಟ್ಟು ಮಾಡಿದ್ದೇನೆ, ಸಣ್ಣದಲ್ಲ. ಯಾರಿಗಾದರೂ ಕನ್ನಡದಲ್ಲಿ ಹೇಳಿಕೊಳ್ಳದಿದ್ದರೆ ತಲೆ ಸಿಡಿಯುತ್ತದೆ.

ಕುರೋಕಿ ಸಾನ್ ಅಂತ ಮಾವಿನ ಬೆಳೆಗಾರರು, ಎಪ್ಪತ್ತು ದಾಟಿದೆ. ನನ್ನ ಪ್ರೊಫೆಸರ್ ಹಿದಾಕಾ ಸೆನ್ಸೇಯ ಮಾತಿನ ಮೇಲೆ ತಮ್ಮ ಗ್ರೀನ್‌ಹೌಸಿನಲ್ಲಿ ನನ್ನ ಪಿಎಚ್‌ಡಿ ಕೆಲಸಕ್ಕೆ ಮರಗಳನ್ನು ಬಿಟ್ಟುಕೊಟ್ಟಿದ್ದರು. ಇಲ್ಲಿ ಮಾವನ್ನು ಬಯಲಿನಲ್ಲಿ ಬೆಳೆಯುವುದಿಲ್ಲ. ಪ್ಲಾಸ್ಟಿಕ್ ಹೊದಿಸಿದ ಮನೆಯೊಳಗೆ, ಚಳಿಗೆ ಹೀಟರ್ ಹಾಕಿ, ಬಾಣಂತಿಯನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳುತ್ತಾರೆ. ಮರ ನನಗಿಂತ ಸ್ವಲ್ಪ ಎತ್ತರ, ಅಷ್ಟೇ. ಒಂದೊಂದು ಹಣ್ಣಿಗೂ ಒಂದೊಂದು ಬಲೆ ಕಟ್ಟಿರುತ್ತಾರೆ. ಹಣ್ಣನ್ನು ಯಾರೂ ಕೀಳುವುದಿಲ್ಲ. ತಾನಾಗಿ ಮಾಗಿ, ತೊಟ್ಟು ಕಳಚಿ, ಬಲೆಗೆ ಬೀಳುವ ತನಕ ಕಾಯುತ್ತಾರೆ. ಹಾಗೆ ಬಿದ್ದದ್ದಕ್ಕೇ ಮರ್ಯಾದೆ. ಪೆಟ್ಟಿಗೆಯಲ್ಲಿಟ್ಟು ಉಡುಗೊರೆಗೆ ಕಳಿಸುವುದು ಅದನ್ನೇ.

ನಾನು ಓದುತ್ತಿರುವುದೂ ಅದನ್ನೇ. ಬೀಳುವ ಮುಂಚಿನ ಕೊನೆಯ ದಿನಗಳಲ್ಲಿ ಹಣ್ಣಿನೊಳಗೆ ಏನಾಗುತ್ತದೆ ಎನ್ನುವುದು. ಎಳೆಯದನ್ನೇ ಕಿತ್ತು ಕಾರ್ಬೈಡ್ ಇಟ್ಟು ಬಣ್ಣ ಬರಿಸುವ ನಮ್ಮ ಕಡೆಯವರ ಮುಂದೆ ಒಂದು ದಿನ ಇದನ್ನೆಲ್ಲ ಸಾಕ್ಷಿ ಸಮೇತ ಇಡಬೇಕು ಅಂತಲೇ ಕಾಲೇಜಿಗೆ ರಜೆ ಹಾಕಿ ಇಲ್ಲಿಗೆ ಬಂದದ್ದು.

ಬುಧವಾರ ಕುರೋಕಿ ಸಾನ್ ಮತ್ತು ಅವರ ಹೆಂಡತಿ ಆಸ್ಪತ್ರೆಗೆ ಹೊರಟರು. ಬಿದ್ದದ್ದನ್ನು ಆರಿಸಿಡಿ ಎಂದು ನನಗೆ ಹೇಳಿ ಹೋದರು. ಆರಿಸಿಟ್ಟೆ. ತಲೆ ಎತ್ತಿ ನೋಡಿದರೆ ಸಾಲು ಸಾಲಾಗಿ ಹಣ್ಣು, ತೊಟ್ಟಿನ ಪಕ್ಕದ ಭುಜ ತುಂಬಿಕೊಂಡು, ಕೆಂಪಗೆ, ಇವತ್ತೋ ನಾಳೆಯೋ ಅನ್ನುವ ಹಾಗೆ. ಅವತ್ತು ವಿಪರೀತ ಸೆಕೆ. ಎಲ್ಲ ಒಟ್ಟಿಗೆ ಬಿದ್ದು ಬಲೆಯೊಳಗೇ ಬೆಂದು ಹಾಳಾದರೆ ಈ ವಯಸ್ಸಾದವರ ಗತಿ ಏನು ಅನ್ನಿಸಿತು. ಶ್ರೀನಿವಾಸಪುರದಲ್ಲಿ ನಿನ್ನ ತಾತನ ಮಂಡಿಯಲ್ಲಿ ಬಿದ್ದ ಹಣ್ಣು ಅಂದರೆ ಬೇರೆ ರಾಶಿ, ಅಗ್ಗದ ರಾಶಿ. ಮರದಲ್ಲೇ ಬಿಟ್ಟು ಬೀಳಿಸಿಕೊಂಡವನನ್ನು ಸೋಮಾರಿ ಅನ್ನುತ್ತಿದ್ದರು. ಕತ್ತರಿ ತೆಗೆದುಕೊಂಡೆ. ತೊಟ್ಟು ಉದ್ದಕ್ಕೆ ಬಿಟ್ಟು, ಸೊನೆ ತಾಗದ ಹಾಗೆ ತಲೆಕೆಳಗು ಮಾಡಿ, ಬಟ್ಟೆಯ ಮೇಲೆ ನೀಟಾಗಿ ಜೋಡಿಸಿದೆ. ಮೂರು ಟ್ರೇ ತುಂಬಿತು. ಭಲೇ ಅಹಲ್ಯಾ ಎಂದು ನನಗೆ ನಾನೇ ಹೇಳಿಕೊಂಡೆ.

ಬೀಳುವ ತನಕ ಮುಟ್ಟಬಾರದು ಎಂದು ನಾನು ಓದಿಲ್ಲವೇ? ಓದಿದ್ದೇನೆ, ಅದರ ಮೇಲೆ ಸೆಮಿನಾರ್ ಕೊಟ್ಟಿದ್ದೇನೆ. ಆದರೆ ಕೈ ಶ್ರೀನಿವಾಸಪುರದ್ದು. ಅದು ಸೆಮಿನಾರಿಗೆ ಬಂದಿರಲಿಲ್ಲ.

ಕುರೋಕಿ ಸಾನ್ ವಾಪಸ್ ಬಂದು ಟ್ರೇ ನೋಡಿದರು. ಬೈಯಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಆಮೇಲೆ, ಸೆಕೆ ಇದೆ, ನೀವು ಸುಸ್ತಾಗಿರಬೇಕು, ಮನೆಗೆ ಹೋಗಿ ಎಂದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ನಿನ್ನೆ ಸೆನ್ಸೇ ಕರೆದು, ಇನ್ನು ಅಲ್ಲಿಗೆ ಹೋಗುವ ತೊಂದರೆ ತೆಗೆದುಕೊಳ್ಳಬೇಡಿ ಎಂದು ಕುರೋಕಿ ಸಾನ್ ಹೇಳಿದ್ದಾರೆ ಅಂದರು. ಈ ವರ್ಷದ ಫಸಲು ನನ್ನ ಪಾಲಿಗೆ ಹೋಯಿತು. ಉಳಿದಿರುವುದು ಮುಂದಿನ ವರ್ಷದ ಒಂದೇ ಫಸಲು. ಅದರ ನಂತರ ನನ್ನ ಸ್ಕಾಲರ್‌ಶಿಪ್ ಮುಗಿಯುತ್ತದೆ.

ಏನು ಮಾಡಲಿ ಹೇಳು. ಬಿಡುವುದಂತೂ ಇಲ್ಲ.

ತಲೆ ತಗ್ಗಿಸಿಕೊಂಡು,
ಅಮ್ಮ

---

ಬೆಂಗಳೂರು
ಜೂನ್ ೨೩, ೨೦೨೪

ಅಮ್ಮ,

ಮೊದಲು ನಕ್ಕೆ. ಆಮೇಲೆ ಪಾಪ ಅನ್ನಿಸಿತು. ಆಮೇಲೆ ಕೋಪ ಬಂತು. ಮೂರೂ ಒಂದೇ ಸಿಗ್ನಲ್‌ನಲ್ಲಿ, ಆಫೀಸಿನ ಕ್ಯಾಬ್‌ನಲ್ಲಿ ಕೂತು.

ನಲವತ್ತಾರನೇ ವಯಸ್ಸಿಗೆ ಯಾರದೋ ತೋಟದಲ್ಲಿ ಹೀಗೆ ಅನ್ನಿಸಿಕೊಳ್ಳುವುದು ನಿನಗೆ ಬೇಕಿತ್ತಾ? ಇಲ್ಲಿ ನಿನ್ನನ್ನು ಮೇಡಂ ಮೇಡಂ ಅನ್ನುತ್ತಿದ್ದರು. ಕಾಲೇಜಿನ ಹುಡುಗರು ನೀನು ಬಂದರೆ ಎದ್ದು ನಿಲ್ಲುತ್ತಿದ್ದರು.

ಸರಿ, ಆಗಿದ್ದು ಆಯಿತು. ಹೋಗಿ ಸಾರಿ ಕೇಳು. ಬರೀ ಸಾರಿ ಅಲ್ಲ, ಕೂರಿಸಿ ವಿವರವಾಗಿ ಹೇಳು. ನಮ್ಮ ಕಡೆ ಹೇಗೆ ಮಾಡುತ್ತಾರೆ, ನೀನು ಯಾಕೆ ಹಾಗಂದುಕೊಂಡೆ ಅಂತ. ಪಾಠ ಮಾಡುವುದರಲ್ಲಿ ನಿನ್ನನ್ನು ಮೀರಿಸುವವರು ಯಾರಿದ್ದಾರೆ? ನನ್ನ ಚಿಕ್ಕಂದಿನಲ್ಲಿ ಒಂದು ಪೆನ್ಸಿಲ್ ಕಳೆದರೂ ಅರ್ಧ ಗಂಟೆ ಕ್ಲಾಸ್ ತೆಗೆದುಕೊಳ್ಳುತ್ತಿದ್ದವಳು ನೀನು.

ಅಪ್ಪನಿಗೆ ಓದಿ ಹೇಳಿದೆ. ಪೇಪರ್ ಮಡಿಸಿಟ್ಟು 'ಹೂಂ' ಅಂದರು. ನೀನು ಹೋದ ಮೇಲೆ ನಿನ್ನ ವಿಷಯಕ್ಕೆ ಅಪ್ಪನ ಹತ್ತಿರ ಇರುವುದು ಅದೊಂದೇ ಪದ. ನಾನೂ ಕೇಳುವುದನ್ನು ಬಿಟ್ಟಿದ್ದೇನೆ.

ಇವತ್ತು ಹುಳಿ ಮಾಡಿದ್ದೆ. ಬೇಳೆ ಬೇಯಲಿಲ್ಲ. ಇಬ್ಬರೂ ಹಾಗೇ ತಿಂದೆವು.

ಸಂಜನಾ

---

ಮಿಯಾಜಾಕಿ
ಜುಲೈ ೧೪, ೨೦೨೪

ಸಂಜೂ,

ನಿನ್ನ ಮಾತು ಕೇಳಿ ಕೆಟ್ಟೆ. ನಿನ್ನ ತಪ್ಪಲ್ಲ. ನೀನು ಹೇಳದಿದ್ದರೂ ನಾನು ಅದನ್ನೇ ಮಾಡುತ್ತಿದ್ದೆ.

ಒಳ್ಳೆಯ ಅಂಗಡಿಯಿಂದ ಒಂದು ಡಬ್ಬಿ ಸಿಹಿ ಕಟ್ಟಿಸಿಕೊಂಡು, ಸೈಕಲ್ ಮೇಲೆ ಓಯೊದೊ ನದಿಯ ಸೇತುವೆ ದಾಟಿ ಹೋದೆ. ನದಿಯ ದಂಡೆಯುದ್ದಕ್ಕೂ ತಾಳೆಯ ಜಾತಿಯ ಮರಗಳ ಸಾಲು, ಗಾಳಿ ಒದ್ದೆ ಬಟ್ಟೆ ಸುತ್ತಿದ ಹಾಗೆ. ಸೀರೆ ಉಟ್ಟಿದ್ದೆ, ಗೌರವ ಇರಲಿ ಅಂತ. ಅದು ಚೈನಿಗೆ ಸಿಕ್ಕಿ ಅಂಚೆಲ್ಲ ಗ್ರೀಸ್ ಆಯಿತು.

ಅವರ ಮನೆಯ ಬಾಗಿಲಲ್ಲೇ ಬಾಗಿ ತಪ್ಪಾಯಿತು ಎಂದೆ. ಕುರೋಕಿ ಸಾನ್ ಕೂಡ ಬಾಗಿದರು. ಅಲ್ಲಿಗೆ ನಿಲ್ಲಿಸಬೇಕಿತ್ತು. ನಾನು ಶುರು ಮಾಡಿದೆ ನೋಡು. ಭಾರತದಲ್ಲಿ ಮಾವು ಹೇಗೆ, ಮಂಡಿ ಹೇಗೆ, ಸೊನೆ ಹೇಗೆ, ಅವತ್ತಿನ ಸೆಕೆ ಎಷ್ಟಿತ್ತು, ನನ್ನ ಉದ್ದೇಶ ಎಷ್ಟು ಒಳ್ಳೆಯದಿತ್ತು. ನನಗೆ ಬರುವಷ್ಟು ಜಪಾನೀಸ್ ಎಲ್ಲ ಖರ್ಚಾಯಿತು, ಉಳಿದದ್ದನ್ನು ಕೈಯಲ್ಲಿ ತೋರಿಸಿದೆ. ಅವರ ಹೆಂಡತಿ ಪಕ್ಕದಲ್ಲಿ ನಿಂತು ನೆಲ ನೋಡುತ್ತಿದ್ದರು. ಕುರೋಕಿ ಸಾನ್ ಮುಖ ದಿನಗಟ್ಟಲೆ ನೀರು ಸಿಗದ ಗಿಡದ ಹಾಗೆ ಆಗುತ್ತಾ ಹೋಯಿತು. ಕೊನೆಗೆ, ತಿಳಿಯಿತು, ಬಿಸಿಲಲ್ಲಿ ಬಂದಿರಿ, ಕಷ್ಟವಾಯಿತು ಎಂದು ಬಾಗಿಲು ಹಾಕಿಕೊಂಡರು. ಸಿಹಿಯ ಡಬ್ಬಿ ನನ್ನ ಕೈಯಲ್ಲೇ ಉಳಿಯಿತು.

ಸೆನ್ಸೇ ಮರುದಿನ ಕೇಳಿದರು. "ಅಹಲ್ಯಾ ಸಾನ್, ನೀವು ಕಾರಣ ಹೇಳಿದಿರಾ?" ಹೌದು ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಬಹಳ ಸಂಕೋಚದಿಂದ ಹೇಳಿದರು: ಇಲ್ಲಿ ಕ್ಷಮೆ ಕೇಳುವಾಗ ಕಾರಣ ಹೇಳಿದರೆ, ಇದು ನನ್ನ ತಪ್ಪಲ್ಲ ಎಂದು ಹೇಳಿದ ಹಾಗೆ.

ನೋಡು, ನಮ್ಮಲ್ಲಿ ಯಾಕೆ ಹಾಗೆ ಮಾಡಿದೆ ಎಂದು ಹೇಳದಿದ್ದರೆ ಕೊಬ್ಬು ಅನ್ನುತ್ತಾರೆ. ಇಲ್ಲಿ ಹೇಳಿದರೆ ಕೊಬ್ಬು. ನನಗೆ ನೆತ್ತಿಗೇರುವಷ್ಟು ಸಿಟ್ಟು ಬಂತು. ನನ್ನ ಮೇಲೋ, ಅವರ ಮೇಲೋ, ನಿನ್ನ ಪೆನ್ಸಿಲ್ ಮೇಲೋ ಗೊತ್ತಿಲ್ಲ. ಹಾಸ್ಟೆಲಿನ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಆ ಡಬ್ಬಿಯ ಸಿಹಿ ಅಷ್ಟನ್ನೂ ತಿಂದೆ.

ಮತ್ತೆ ಹೋಗುತ್ತೇನೆ. ಈ ಸಲ ಬಾಯಿ ಮುಚ್ಚಿಕೊಂಡು.

ಅಮ್ಮ

---

ಮಿಯಾಜಾಕಿ
ನವೆಂಬರ್ ೩, ೨೦೨೪

ಸಂಜೂ,

ಹಬ್ಬಕ್ಕೆ ನೀನು ಕಳಿಸಿದ ಫೋಟೊ ನೋಡಿದೆ. ಅಪ್ಪ ತೆಳ್ಳಗಾಗಿದ್ದಾರೆ. ಹಾಗಂತ ಹೇಳಬೇಡ, ಬೇಳೆ ಮಾತ್ರ ಸರಿಯಾಗಿ ಬೇಯಿಸು.

ಇಲ್ಲಿಯ ಸುದ್ದಿ ಒಳ್ಳೆಯದಿಲ್ಲ. ಕುರೋಕಿ ಸಾನ್ ಮನೆಗೆ ಎರಡು ಸಲ ಹೋದೆ. ಎರಡೂ ಸಲ ಅವರ ಹೆಂಡತಿ ಹೊರಗೆ ಬಂದು, ಅವರು ಕೆಲಸದಲ್ಲಿದ್ದಾರೆ ಎಂದರು. ಸೆನ್ಸೇ ಬೇರೆ ಬೆಳೆಗಾರರನ್ನು ಕೇಳಿದರು. ಎಲ್ಲರೂ ನಗುತ್ತಾ, ಈ ವರ್ಷ ಸ್ವಲ್ಪ ಕಷ್ಟ ಎಂದರು. ಬೆಳೆಗಾರರದ್ದು ಒಂದೇ ಸಂಘ. ಯಾರೂ ನನ್ನನ್ನು ದೂರಿಲ್ಲ, ಆದರೆ ಎಲ್ಲರಿಗೂ ಗೊತ್ತು.

ಸೆನ್ಸೇ ಈಗ ಬೇರೆ ದಾರಿ ತೋರಿಸುತ್ತಿದ್ದಾರೆ. ಲ್ಯಾಬಿನ ಹಿಂದೆ ಕುಂಡದಲ್ಲಿ ಸಣ್ಣ ಗಿಡಗಳಿವೆ. ಅವುಗಳ ಎಲೆಯ ಮೇಲೆ ಏನಾದರೂ ಮಾಡಿ ಪ್ರಬಂಧ ಮುಗಿಸಿ, ಡಿಗ್ರಿ ಸಿಗುತ್ತದೆ ಅಂತ. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಆಗುವುದಿಲ್ಲ ಎಂದೆ. ಎಲೆಯ ಡಿಗ್ರಿ ತೆಗೆದುಕೊಂಡು ಹೋಗಿ ಶ್ರೀನಿವಾಸಪುರದಲ್ಲಿ ಯಾರಿಗೆ ತೋರಿಸಲಿ? ಹಣ್ಣು ಮಾಗುವುದರ ಬಗ್ಗೆ ತಿಳಿಯಲು ಬಂದಿದ್ದೇನೆ. ಫಲ ಬಿಡುವ ಮರ ಬೇಕು, ಅದರಿಂದ ತಾನಾಗಿ ಬಿದ್ದ ಹಣ್ಣು ಬೇಕು. ಅದಿಲ್ಲದಿದ್ದರೆ ಬರಿಗೈಯಲ್ಲಿ ಬರುತ್ತೇನೆ, ಆದರೆ ಬೇರೆ ಏನನ್ನೋ ಹಿಡಿದುಕೊಂಡು ಬರುವುದಿಲ್ಲ.

ಕೊನೆಗೆ ಸೆನ್ಸೇ, ವಸಂತದವರೆಗೆ ನೋಡೋಣ ಎಂದರು.

ಹಟಮಾರಿ ಎಂದು ನೀನು ಬೈಯುವ ಮುಂಚೆ ನಾನೇ ಸಹಿ ಹಾಕಿಬಿಡುತ್ತೇನೆ,
ಹಟಮಾರಿ ಅಮ್ಮ

---

ಬೆಂಗಳೂರು
ಡಿಸೆಂಬರ್ ೨೨, ೨೦೨೪

ಅಮ್ಮ,

ಒಂದು ವಿಷಯ ಹೇಳಬೇಕು. ಫೋನಿನಲ್ಲಿ ಹೇಳಲು ಹೋದೆ, ನೀನು ಕುಂಡದ ಗಿಡದ ಬಗ್ಗೆ ಶುರು ಮಾಡಿದೆ.

ಭುವನ್ ಅಂತ. ನಮ್ಮ ಆಫೀಸಿನ ಕೆಳಗಿನ ಮಹಡಿಯಲ್ಲಿ ಕೆಲಸ. ಎರಡು ವರ್ಷದಿಂದ ಗೊತ್ತು. ಕಡಿಮೆ ಮಾತು, ಆದರೆ ಹೇಳಿದ ಹೊತ್ತಿಗೆ ಬರುತ್ತಾನೆ. ಹೋದ ವಾರ ಅವರ ಮನೆಯವರು ಬಂದಿದ್ದರು. ಅವನ ಅಮ್ಮ ನನ್ನನ್ನು ನೋಡಿ, "ಅಮ್ಮ ಇಲ್ದೆ ಮನೆ ಎಲ್ಲಾ ನೀನೇ ನೋಡ್ಕೊಳ್ತೀಯಂತೆ, ಜಾಣೆ" ಅಂದರು. ಎಲ್ಲರೂ ನಕ್ಕರು. ನನಗೆ ಅಳು ಬಂತು, ಒಳಗೆ ಹೋಗಿ ತಟ್ಟೆ ತೊಳೆದೆ. ಆ ಸೋಫಾದ ಮೇಲೆ ಅಪ್ಪನ ಪಕ್ಕ ನೀನು ಇರಬೇಕಿತ್ತು.

ನಿನ್ನ ಸೆನ್ಸೇ ಹೇಳಿದ್ದರಲ್ಲಿ ಏನು ತಪ್ಪಿದೆ? ನನಗೂ ಸಿ.ಎ. ಕೊನೆಯ ಗ್ರೂಪ್ ಬಾಕಿ ಇದೆ. ಮದುವೆ ಆದ ಮೇಲೆ ಅದು ಆಗುತ್ತದೋ ಇಲ್ಲವೋ, ನಾನೇನು ಹಟ ಹಿಡಿದಿದ್ದೇನಾ? ಎಲ್ಲರೂ ಏನಾದರೂ ಒಂದು ಬಿಡುತ್ತಾರೆ ಅಮ್ಮ. ಎಲೆಯೋ ಕಾಯಿಯೋ, ಮುಗಿಸಿ ಬಾ.

ಸಂಜನಾ

---

ಮಿಯಾಜಾಕಿ
ಫೆಬ್ರವರಿ ೧೬, ೨೦೨೫

ಸಂಜೂ,

ಭುವನ್ ಜೊತೆ ಹೋದ ಭಾನುವಾರ ವಿಡಿಯೊದಲ್ಲಿ ಮಾತಾಡಿ ಸಮಾಧಾನ ಆಯಿತು. ನಾನು ಕೇಳಿದ್ದಕ್ಕೆಲ್ಲ ಒಂದೊಂದೇ ಪದದಲ್ಲಿ ಉತ್ತರ ಕೊಟ್ಟ. ನಿಮ್ಮಪ್ಪನೂ ಹೀಗೇ ಇದ್ದರು. ಎಚ್ಚರಿಕೆ ಅಂತಲೂ ತಿಳಿದುಕೋ, ಆಶೀರ್ವಾದ ಅಂತಲೂ ತಿಳಿದುಕೋ.

ಈಗ ನನ್ನ ಸುದ್ದಿ ಕೇಳು.

ಗ್ರೀನ್‌ಹೌಸಿನಲ್ಲಿ ಈಗ ಹೂ ಬಿಡುವ ಕಾಲ. ಹೂಗೊಂಚಲನ್ನು ಹಾಗೇ ಬಿಟ್ಟರೆ ಎಲೆಯೊಳಗೆ ಬಾಗಿ ಹೋಗುತ್ತದೆ, ಹಣ್ಣಿಗೆ ಬೆಳಕು ಸಿಗುವುದಿಲ್ಲ. ಅದಕ್ಕೆ ಒಂದೊಂದು ಗೊಂಚಲಿಗೂ ದಾರ ಕಟ್ಟಿ ಮೇಲಿನ ತಂತಿಗೆ ಎತ್ತಿ ನಿಲ್ಲಿಸುತ್ತಾರೆ. ಗೊಂಚಲು ಮುರಿಯಬಾರದು, ಹೂ ಉದುರಬಾರದು. ಆ ಕೆಲಸಕ್ಕೆ ಕೂಲಿಯವರು ಸಿಗುತ್ತಿಲ್ಲ ಎಂದು ಸೆನ್ಸೇ ಯಾರಿಗೋ ಹೇಳುತ್ತಿದ್ದರು. ಕುರೋಕಿ ಸಾನ್ ಹೆಂಡತಿಗೆ ಬಲಭುಜ ನೋವು, ಆ ಕೈ ಮೇಲೆತ್ತಲು ಆಗುವುದಿಲ್ಲ ಎನ್ನುವುದೂ ಕಿವಿಗೆ ಬಿತ್ತು.

ಮರುದಿನ ಬೆಳಿಗ್ಗೆಯೇ ಹೋದೆ. ಸಿಹಿ ಇಲ್ಲ, ಸೀರೆ ಇಲ್ಲ. ಪ್ಯಾಂಟು, ಟೋಪಿ, ಬೂಟು. ಬಾಗಿದೆ. "ಹೂ ಕಟ್ಟಲು ಬಂದಿದ್ದೇನೆ" ಎಂದೆ. ಅಷ್ಟೇ. ನಿನ್ನ ಅಮ್ಮ ಜೀವಮಾನದಲ್ಲಿ ಮಾತಾಡಿದ ಅತಿ ಚಿಕ್ಕ ಮಾತು ಅದು. ಕುರೋಕಿ ಸಾನ್ ಬೇಡ ಎನ್ನಲು ಬಾಯಿ ತೆರೆದಿದ್ದರು. ಅವರ ಹೆಂಡತಿ ಹಿಂದಿನಿಂದ ಬಂದು ದಾರದ ಉಂಡೆಯನ್ನು ನನ್ನ ಕೈಗೆ ಇಟ್ಟುಬಿಟ್ಟರು.

ಇಲ್ಲಿಯವರು ಒಂದೊಂದು ಗಂಟನ್ನೂ ಎರಡೂ ಕೈಯಲ್ಲಿ, ನಿಧಾನವಾಗಿ ಹಾಕುತ್ತಾರೆ. ನನಗೆ ಆ ಗಂಟು ಬರಲಿಲ್ಲ. ಎರಡು ಸಲ ಜಾರಿತು. ಮೂರನೆಯ ಸಲ ಬೆರಳು ತಾನಾಗಿಯೇ ಮಲ್ಲಿಗೆ ಕಟ್ಟಲು ಶುರು ಮಾಡಿತು. ಎರಡು ಬೆರಳಿಗೆ ದಾರ ಸುತ್ತಿ, ತೊಟ್ಟನ್ನು ಒಳಗೆ ತೂರಿಸಿ, ಕುಣಿಕೆ ಜಾರಿಸಿ ಎಳೆಯುವುದು. ನಿನ್ನ ಅಜ್ಜಿ ಟಿವಿ ನೋಡುತ್ತಾ ಮಾರುಗಟ್ಟಲೆ ಕಟ್ಟುತ್ತಿದ್ದರಲ್ಲ, ಅದೇ. ಹೂವನ್ನು ಬಿಗಿಯಾಗಿ ಹಿಡಿದೂ ನೋಯಿಸದ ಗಂಟು ಬೇರೆ ಯಾವುದಿದೆ ಹೇಳು. ಒಂದು ಸಾಲು ಮುಗಿಸಿ ತಿರುಗಿ ನೋಡಿದರೆ ಕುರೋಕಿ ಸಾನ್ ಹಿಂದೆ ನಿಂತಿದ್ದರು. ಒಂದು ದಾರವನ್ನು ಎಳೆದು ನೋಡಿದರು. ಇನ್ನೊಂದನ್ನು ಎಳೆದರು. ಬಿಚ್ಚಲಿಲ್ಲ, ಹೂವೂ ಉದುರಲಿಲ್ಲ. ಮುಂದಿನ ಸಾಲಿಗೆ ಹೋದರು.

ಮಧ್ಯಾಹ್ನ ಅವರ ಹೆಂಡತಿ ಅನ್ನದ ಉಂಡೆ ಕೊಟ್ಟು, ಆ ಗಂಟನ್ನು ಎಡಗೈಯಲ್ಲಿ ಹಾಕುವುದನ್ನು ಕಲಿಸಿಕೊಡಿ ಎಂದರು. ಕೂತು ಕಲಿಸಿದೆ. ಮೊದಲು ಕಳಚಿತು, ಆಮೇಲೆ ಬಂತು. ಇಬ್ಬರೂ ನಕ್ಕೆವು.

ಮೂರು ವಾರ ಹೋದೆ. ಸಂಶೋಧನೆ ಎನ್ನುವ ಪದ ನನ್ನ ಬಾಯಿಂದ ಬರಲಿಲ್ಲ, ಹಲ್ಲು ಕಚ್ಚಿ ಹಿಡಿದುಕೊಂಡೆ. ನಿನ್ನೆ ಕೆಲಸ ಮುಗಿಯಿತು. ಕುರೋಕಿ ಸಾನ್ ನನ್ನನ್ನು ಹೀಟರ್ ಹತ್ತಿರದ ಮೂಲೆಗೆ ಕರೆದುಕೊಂಡು ಹೋಗಿ ಮೂರು ಮರ ತೋರಿಸಿದರು. ಈ ಮೂರು ನಿಮಗೆ ಎಂದರು. ಷರತ್ತು ಎರಡು. ಮರದಲ್ಲಿರುವ ಹಣ್ಣನ್ನು ಮುಟ್ಟಬಾರದು. ಮೊದಲ ಹಣ್ಣು ಬಿದ್ದ ದಿನದಿಂದ ಕೊನೆಯದು ಬೀಳುವ ತನಕ ಪ್ರತಿದಿನ ಬೆಳಿಗ್ಗೆ ನೀವೇ ಬರಬೇಕು, ಬೇರೆ ಯಾರನ್ನೂ ಕಳಿಸಬಾರದು.

ಆಗಲಿ ಎಂದೆ. ಸೇತುವೆಯ ಮೇಲೆ ಸೈಕಲ್ ನಿಲ್ಲಿಸಿ, ನದಿ ನೋಡುತ್ತಾ ಮನಸಾರೆ ಅತ್ತೆ. ಎಷ್ಟು ಸಂತೋಷವಾಗಿದೆ ಎಂದರೆ ನಿನಗೆ ಹೇಳಲಾರೆ.

ಅಮ್ಮ

---

ಬೆಂಗಳೂರು
ಮಾರ್ಚ್ ೯, ೨೦೨೫

ಅಮ್ಮ,

ಮರ ಸಿಕ್ಕಿದ್ದು ಖುಷಿ. ನಿಜವಾಗಿ.

ಮದುವೆ ಮೇ ೧೮, ಭಾನುವಾರ. ಛತ್ರ ಸಿಕ್ಕಿದೆ. ನಿನ್ನೆ ಭುವನ್ ಮನೆಗೆ ಪುರೋಹಿತರು ಬಂದು ಪಂಚಾಂಗ ನೋಡಿದರು. ಅದು ಬಿಟ್ಟರೆ ಇನ್ನು ಹೊಂದುವ ದಿನ ಆಷಾಢ ಕಳೆದ ಮೇಲೆಯೇ ಅಂತೆ. ಅಲ್ಲಿ ಕೂತಿದ್ದವರೆಲ್ಲ ನನ್ನ ಮುಖ ನೋಡಿದರು. ನಾನು ಹೂಂ ಅಂದೆ. ನಿನ್ನನ್ನು ಕೇಳಬೇಕಿತ್ತು, ಗೊತ್ತು. ಅಷ್ಟು ಜನರ ಮುಂದೆ, ತಡೀರಿ ಅಮ್ಮನನ್ನು ಕೇಳ್ತೀನಿ ಅನ್ನಲು ನಾಲಿಗೆ ಏಳಲಿಲ್ಲ.

ಒಂದು ವಾರ ಬಂದು ಹೋಗು. ಧಾರೆ ಎರೆಯುವಾಗ ನೀನು ಇರಬೇಕು. ಅಪ್ಪ ಒಬ್ಬರೇ ನಿಂತರೆ ನಾನು ನೋಡಲಾರೆ. ಒಂದು ವಾರ ಅಷ್ಟೇ ಅಮ್ಮ. ಟಿಕೆಟ್ ನಾನೇ ಮಾಡುತ್ತೇನೆ.

ಸಂಜು

---

ಮಿಯಾಜಾಕಿ
ಮಾರ್ಚ್ ೧೫, ೨೦೨೫

ಸಂಜೂ,

ಈ ಪತ್ರವನ್ನು ನಾಲ್ಕು ಸಲ ಬರೆದು ಅಳಿಸಿದೆ. ಇದು ಚಿಕ್ಕದಾಗಿರುತ್ತದೆ.

ಮೇ ತಿಂಗಳಲ್ಲಿ ನಾನು ಬರುವುದಿಲ್ಲ.

ನನ್ನ ಮೂರು ಮರದ ಹಣ್ಣು ಬೀಳುವುದು ಮೇ ಮತ್ತು ಜೂನ್. ಮೇ ಮಧ್ಯದ ಆ ಒಂದು ವಾರದಲ್ಲಿ ಎಷ್ಟು ಬೀಳುತ್ತದೆ ಎಂದು ದೇವರಿಗೂ ಗೊತ್ತಿಲ್ಲ. ಬಿದ್ದ ಬೆಳಿಗ್ಗೆಯೇ ಲ್ಯಾಬಿಗೆ ಹೋಗಬೇಕು, ಇಲ್ಲದಿದ್ದರೆ ಅದು ಬರೀ ತಿನ್ನುವ ಹಣ್ಣು. ಕುರೋಕಿ ಸಾನ್ ಹತ್ತಿರ ಕೇಳಬಹುದಲ್ಲ ಅನ್ನುತ್ತೀಯ. ಕೇಳಿದರೆ ಖಂಡಿತ ಹೋಗಿ ಬನ್ನಿ ಅನ್ನುತ್ತಾರೆ. ಮಗಳ ಮದುವೆಗೆ ಬೇಡ ಎನ್ನಲು ಅವರಿಂದ ಆಗುವುದಿಲ್ಲ. ಅದು ಗೊತ್ತಿದ್ದೇ ನಾನು ಕೇಳುವುದಿಲ್ಲ. ಒಂದು ಸಲ ಅವರಿಗೆ ಕಾರಣ ಹೇಳಿ ಬಂದಿದ್ದೇನೆ. ಈ ಸಲ ಮಾತು ಕೊಟ್ಟಿದ್ದೇನೆ.

ನಿನ್ನ ಕೂದಲಿಗೆ ಹೂ ಮುಡಿಸುವುದು ನನ್ನ ಕೈ ಆಗಬೇಕು ಎನ್ನುವ ಆಸೆ ನನಗಿಲ್ಲವೇ? ನೀನು ಹುಟ್ಟಿದ ದಿನದಿಂದ ಇದೆ. ಆದರೆ ಇದನ್ನು ನಾನು ಈಗ ಬಿಟ್ಟರೆ, ನಿನ್ನ ಮದುವೆಗೋಸ್ಕರ ಬಿಟ್ಟೆ ಎಂದು ಜೀವನಪೂರ್ತಿ ಮನಸ್ಸಿನೊಳಗೆ ಹೇಳಿಕೊಳ್ಳುತ್ತೇನೆ. ಬಾಯಿಬಿಟ್ಟು ಹೇಳದಿದ್ದರೂ ನಿನಗೆ ಕೇಳಿಸುತ್ತದೆ. ಅಂಥ ಅಮ್ಮ ನಿನಗೆ ಬೇಡ.

ಮುಹೂರ್ತ ಮುಂದಕ್ಕೆ ಹಾಕಿ. ಆಗದಿದ್ದರೆ ನಾನಿಲ್ಲದೆಯೇ ಮಾಡಿ. ಎರಡರಲ್ಲಿ ಯಾವುದಾದರೂ ನಾನು ನಿನ್ನನ್ನು ದೂರುವುದಿಲ್ಲ.

ಅಮ್ಮ

---

ಮಿಯಾಜಾಕಿ
ಏಪ್ರಿಲ್ ೨೦, ೨೦೨೫

ಸಂಜೂ,

ನೀನು ಫೋನ್ ಎತ್ತುತ್ತಿಲ್ಲ, ಬರೆಯುತ್ತಿಲ್ಲ. ಅಪ್ಪನಿಗೆ ಮಾಡಿದೆ. 'ಅವಳು ಚೆನ್ನಾಗಿದ್ದಾಳೆ' ಎಂದರು. ಅಷ್ಟೇ. ನಾನೇ ಇಟ್ಟೆ.

ಹಣ್ಣಿಗೆ ಬಣ್ಣ ತಿರುಗುತ್ತಿದೆ. ಕುರೋಕಿ ಸಾನ್ ಜೊತೆ ಬಲೆ ಕಟ್ಟಿದೆ. ಕೈ ಹಿಂದೆ ಕಟ್ಟಿಕೊಂಡು ಮರದ ಸುತ್ತ ತಿರುಗುತ್ತೇನೆ, ಮ್ಯೂಸಿಯಂಗೆ ಬಂದ ಮಕ್ಕಳ ಹಾಗೆ. ಅವರ ಹೆಂಡತಿ ನೋಡಿ ನಗುತ್ತಾರೆ. ಮದುವೆಯ ವಿಷಯ ಅವರಿಗೆ ಹೇಳಿಲ್ಲ.

ಮನಸ್ಸು ಬದಲಾಯಿಸಿಲ್ಲ. ನಿನಗೆ ಅದು ತಿಳಿದಿರಲಿ, ಸುಳ್ಳು ಆಸೆ ಬೇಡ. ನೀನು ಕೋಪ ಮಾಡಿಕೊಳ್ಳುವುದು ಸರಿಯೇ. ಮಾಡಿಕೋ, ಎಷ್ಟು ದಿನ ಬೇಕಾದರೂ. ಆದರೆ ಊಟ ಬಿಡಬೇಡ.

ಬರೆಯುತ್ತಲೇ ಇರುವ,
ಅಮ್ಮ

---

ಬೆಂಗಳೂರು
ಮೇ ೪, ೨೦೨೫

ಅಮ್ಮ,

ನಿನ್ನ ಮಾರ್ಚ್ ಪತ್ರವನ್ನು ಭುವನ್‌ಗೆ ತೋರಿಸಿದೆ, ಇವನಾದರೂ ನನ್ನ ಜೊತೆ ಸೇರಿ ನಿನ್ನನ್ನು ಬೈಯಲಿ ಅಂತ. ಓದಿ, "ಕ್ಲಿಯರ್ ಆಗಿದೆ" ಅಂದ. ಎರಡು ದಿನ ಅವನ ಜೊತೆಗೂ ಮಾತು ಬಿಟ್ಟೆ.

ಅಪ್ಪನಿಗೂ ಓದಿ ಹೇಳಿದೆ. ಈ ಸಲ ಹೂಂ ಅನ್ನಲಿಲ್ಲ. ಪತ್ರ ಈಸಿಕೊಂಡು ತಾವೇ ಇನ್ನೊಂದು ಸಲ ಓದಿಕೊಂಡರು.

ಹೋದ ಭಾನುವಾರ ನಾನೂ ಅಪ್ಪನೂ ಭುವನ್ ಮನೆಗೆ ಹೋಗಿದ್ದೆವು, ಛತ್ರದ ಊಟದ ಮಾತಿಗೆ. ನೀನು ಬರುವುದಿಲ್ಲ ಎನ್ನುವುದನ್ನು ನಾವಿಬ್ಬರೂ ಅಲ್ಲಿ ಇನ್ನೂ ಹೇಳಿರಲಿಲ್ಲ. ಮುಂದೇನು ಎಂದು ನಮ್ಮಿಬ್ಬರಲ್ಲೂ ಮಾತಾಗಿರಲಿಲ್ಲ. ಹಪ್ಪಳ ಎರಡು ಬಗೆಯೋ ಒಂದು ಬಗೆಯೋ ಅಂತ ಮಾತಾಡುತ್ತಿದ್ದಾಗ ಭುವನ್ ಅಮ್ಮ ನನ್ನ ಕೈ ಹಿಡಿದುಕೊಂಡು ಹೇಳಿದರು, ಪ್ರೀತಿಯಿಂದಲೇ. "ಮದುವೆ ಆದ್ಮೇಲೆ ಆ ಸಿ.ಎ. ಪರೀಕ್ಷೆ ಎಲ್ಲಾ ಯಾಕಮ್ಮ, ತಲೆನೋವು. ಇರೋ ಕೆಲಸ ಸಾಕಲ್ವಾ."

"ಇಲ್ಲ ಆಂಟಿ, ಬರೀತೀನಿ. ಪಾಸ್ ಆಗೋ ತನಕ ಬರೀತೀನಿ" ಅಂದುಬಿಟ್ಟೆ.

ಯೋಚನೆ ಮಾಡಿ ಹೇಳಿದ್ದಲ್ಲ. ಡಿಸೆಂಬರ್‌ನಲ್ಲಿ ನಿನಗೆ ಬರೆದಾಗ ಬಿಟ್ಟೇಬಿಟ್ಟೆ ಅಂದುಕೊಂಡಿದ್ದೆ. ಬಾಯಿಂದ ಬಂದದ್ದು ಇದು. ಕಾರಣವನ್ನೂ ಹೇಳಲಿಲ್ಲ. ನನ್ನ ಕಿವಿ ಬಿಸಿಯಾಯಿತು. ಇನ್ನೇನು ಸಾರಿ ಆಂಟಿ ಅನ್ನಬೇಕು, ಅಷ್ಟರಲ್ಲಿ ಅಪ್ಪ ಕಾಫಿ ಲೋಟ ಕೆಳಗಿಟ್ಟರು.

"ಅವಳಮ್ಮನೂ ಹಾಗೇನೆ" ಅಂದರು. "ಜಪಾನ್‌ನಲ್ಲಿ ಓದ್ತಿದ್ದಾಳೆ. ಸ್ಟೂಡೆಂಟು. ಈ ತಿಂಗಳು ಅವಳ ಹಣ್ಣು ಬೀಳೋ ಸಮಯ, ಬರೋಕಾಗಲ್ಲ. ಅವಳಿಲ್ದೆ ನಾನು ಧಾರೆ ಎರೆಯಲ್ಲ. ಮುಹೂರ್ತ ಶ್ರಾವಣಕ್ಕೆ ಹಾಕೋಣ."

ನಿನಗೆ ಇದು ಗೊತ್ತಿಲ್ಲ ಅಮ್ಮ, ಹೇಳಬಾರದು ಎಂದುಕೊಂಡಿದ್ದೆ. ಈ ಎರಡು ವರ್ಷ ಅಪ್ಪ ಎಲ್ಲರ ಹತ್ತಿರವೂ ನೀನು ಡೆಪ್ಯುಟೇಷನ್ ಮೇಲೆ ಹೋಗಿದ್ದೀಯ, ಸರ್ಕಾರ ಕಳಿಸಿದೆ ಎಂದೇ ಹೇಳಿಕೊಂಡು ಬಂದಿದ್ದಾರೆ. ಚಿಕ್ಕಪ್ಪಂದಿರಿಗೆ, ಬ್ಯಾಂಕಿನ ಸ್ನೇಹಿತರಿಗೆ, ಹಾಲಿನವನಿಗೆ ಕೂಡ. ನಾನೂ ಜೊತೆಗೂಡಿ ಹಾಗೇ ಹೇಳಿದೆ. ಅವತ್ತು ಭುವನ್ ಮನೆಯ ಸೋಫಾದ ಮೇಲೆ ಅಪ್ಪನ ಬಾಯಲ್ಲಿ ಸ್ಟೂಡೆಂಟು ಎನ್ನುವ ಪದ ಕೇಳಿ ನಾನು ಅವರ ಮುಖವನ್ನೇ ನೋಡಿದೆ. ಬೆವರುತ್ತಿದ್ದರು.

ಭುವನ್ ಅಮ್ಮನಿಗೆ ಬೇಜಾರಾಗಿದೆ, ಸುಳ್ಳು ಯಾಕೆ ಹೇಳಲಿ. ಕಾರ್ಡ್ ಪ್ರಿಂಟಿಗೆ ಕೊಟ್ಟಾಗಿತ್ತು. ಒಳಗೆ ಹೋಗಿ ಸ್ವಲ್ಪ ಹೊತ್ತು ಪಾತ್ರೆ ಸದ್ದು ಮಾಡಿದರು. ಆಮೇಲೆ ಹೊರಗೆ ಬಂದು, "ಯಾವ ಹಣ್ಣು?" ಎಂದು ಕೇಳಿದರು. ಅಪ್ಪ ಹೇಳಲು ಶುರು ಮಾಡಿದರು ನೋಡು. ಬಲೆ, ಹೀಟರ್, ನೀನು ಕಟ್ಟಿದ ಗಂಟು, ಕುರೋಕಿ ಸಾನ್ ಹೆಂಡತಿಯ ಭುಜ, ಒಂದೂ ಬಿಡಲಿಲ್ಲ. ನಾನು ಓದಿ ಹೇಳುವಾಗ ಪೇಪರ್ ಹಿಂದೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆ. ಬರುವಾಗ ಬಸ್ಸಿನಲ್ಲಿ, "ಅವಳಿಗೆ ನೀನೇ ಬರೆದುಬಿಡು, ನನಗೆ ಬರೆಯೋಕೆ ಬರಲ್ಲ" ಅಂದರು. ಕಿಟಕಿ ಕಡೆ ತಿರುಗಿಕೊಂಡರು.

ಮದುವೆ ಆಗಸ್ಟ್ ೧೪. ನನ್ನ ಕೋಪ ಇನ್ನೂ ಪೂರ್ತಿ ಇಳಿದಿಲ್ಲ, ಅದನ್ನು ನೀನು ಬಂದಾಗ ನೋಡಿಕೊಳ್ಳೋಣ. ಮೂರೂ ಮರದ ಹಣ್ಣು ಪೂರ್ತಿ ಬಿದ್ದು, ನಿನ್ನ ಲ್ಯಾಬಿನ ಕೆಲಸ ಮುಗಿದ ಮೇಲೆ ಹೊರಡು. ಮಧ್ಯದಲ್ಲಿ ಮನಸ್ಸು ಕರಗಿ ಟಿಕೆಟ್ ಗಿಕೆಟ್ ಮಾಡಬೇಡ. ಅರ್ಧಕ್ಕೆ ಬಿಟ್ಟು ಬಂದೆಯೋ, ಬಾಗಿಲು ತೆಗೆಯುವುದಿಲ್ಲ. ಅಪ್ಪನೂ ತೆಗೆಯುವುದಿಲ್ಲವಂತೆ, ಕೇಳಿದ್ದೇನೆ.

ನಿನ್ನ ಮಗಳು,
ಸಂಜು